ವಿಜಾಪುರದ ಒಂದು ದಿನದ ದರ್ಶನ

ಮಕರ ಸಂಕ್ರಮಣದ ಕಾಲಕ್ಕೆ ಶ್ರೀಸಿದ್ಧೇಶ್ವರನ ಜಾತ್ರೆಗೆಂದು ವಿಜಾಪುರಕ್ಕೆ ಬಂದಿಳಿಯುವ ಭಕ್ತಜನರು, ದೇವರ ದರ್ಶನವನ್ನು ತೀರಿಸಿಕೊಂಡ ಮರುದಿನವನ್ನು ಊರು ನೋಡುವುದಕ್ಕೆ ಮೀಸಲಿಡುವುದು ಹಿಂದಿನಿಂದಲೂ ಬಂದ ವಾಡಿಕೆ. 2014ನೆಯ ಇಸವಿಯ ನವೆಂಬರ 1ರಿಂದ ಈ ನಗರಕ್ಕೆ ವಿಜಯಪುರವೆಂಬ ಹಳೆಯ ಹೆಸರೇ ಮರಳಿ ಸಂದಿರುವುದಾದರೂ ಹಳ್ಳಿಯವರ ಬಾಯಲ್ಲಿ ಅದಿನ್ನೂ ವಿಜಾಪುರವೇ. ಟಾಂಗಾದವನಾಗಲಿ, ಊರು ತೋರಿಸುವವನಾಗಲಿ ಯಾತ್ರಿಕರನ್ನು ಮೂಡಣ ತುದಿಯ ಗೋಳಗುಮ್ಮಟದಿಂದ ಹೊರಡಿಸಿ, ಪಡುವಣ ತುದಿಯ ಇಬ್ರಾಹಿಂ ರೋಜಾದಲ್ಲಿ ಹೊತ್ತು ಮುಳುಗಿಸುವನು. ಗೋರಿಯಿಂದ ಗೋರಿಗೆ ಸಾಗುವ ಈ ದಾರಿಯಲ್ಲಿ ಅರಸರು ಸತ್ತ ಬಗೆ ತಿಳಿಯುವುದೇ ಹೊರತು, ಅವರ ಪ್ರಜೆಗಳು ಏನನ್ನು ಕುಡಿದು ಬದುಕಿದರೆಂಬುದು ತಿಳಿಯದು.

ಗೋಳಗುಮ್ಮಟವನ್ನು ಬೆಳಗಿನ ಮೊದಲ ಜಾವದಲ್ಲಿಯೇ ನೋಡಬೇಕೆನ್ನುವ ಮಾತು ಯುಕ್ತವಾದುದು. ಜನಸಂದಣಿ ಹೆಚ್ಚಿದ ಮೇಲೆ ಅಲ್ಲಿಯ ಪ್ರತಿಧ್ವನಿಯು ಬರಿಯ ಗದ್ದಲವಾಗಿಬಿಡುವುದು. 1627ರಿಂದ 1656ರ ವರೆಗೆ ಆಳಿದ ಮಹಮ್ಮದ ಆದಿಲಶಹನ ಸಮಾಧಿಯಿದು. ಗುಮ್ಮಟದ ಹೊರಗಿನ ಅಡ್ಡಳತೆ 144 ಅಡಿ. ಒಳಗೆ 18 ಸಾವಿರ ಚದರಡಿಗೂ ಮಿಕ್ಕ ನೆಲಕ್ಕೆ ನಡುವೆ ಒಂದಾದರೂ ಕಂಬವಿಲ್ಲ. ಒಂದನ್ನೊಂದು ಕತ್ತರಿಸಿ ಹಾಯುವ ಎಂಟು ಕಮಾನುಗಳು ಚೌಕವನ್ನು ಎಂಟು ಮೂಲೆಯದಾಗಿ ಮಾಡಿ, ಒಳಮುಖವಾಗಿ ಚಾಚಿ ನಿಂತಿವೆ. ಗುಮ್ಮಟವು ಗೋಡೆಗಳನ್ನು ಹೊರಕ್ಕೆ ನೂಕುವ ಬಲವನ್ನು ಒಳಕ್ಕೆ ಬಾಗಿದ ಈ ಭಾರವೇ ತಡೆದು ಸರಿದೂಗಿಸುವುದು. ಇದನ್ನು ಕಟ್ಟಿದವನು ದಾಬೋಳದ ಯಾಕೂತನೆಂದು ಹೇಳುವರು. ಏಳಂತಸ್ತಿನ ಗೋಪುರವನ್ನೇರಿದ ಯಾತ್ರಿಕರು ಪಿಸುಮಾತಿನ ಮೊಗಸಾಲೆಯಲ್ಲಿ ಒಬ್ಬರನ್ನೊಬ್ಬರು ಕೂಗಿ ನಕ್ಕು ಇಳಿಯುವರು. ಆ ಮೊಗಸಾಲೆಯಿಂದ ಹೊರಗೆ ಬಂದು ನಾಲ್ಕೂ ದಿಕ್ಕನ್ನು ನೋಡುವವರು ಕಡಮೆ. ಕಣ್ಣು ಹರಿಯುವಷ್ಟು ದೂರವೂ ಕಲ್ಲುನೆಲ, ಬಯಲು. ಹೊಳೆಯೆಂಬುದು ಎಲ್ಲಿಯೂ ಕಾಣದು. ಇಂಥಲ್ಲಿ ರಾಜಧಾನಿಯು ನಿಂತುದೆಂತು ಎಂಬ ಪ್ರಶ್ನೆಯು ಹುಟ್ಟಬೇಕಾದುದು ಅಲ್ಲಿಯೇ.

ಗುಮ್ಮಟವನ್ನಿಳಿದು ಅಸಾರ ಮಹಲನ್ನೂ ಜುಮ್ಮಾ ಮಸೀದಿಯನ್ನೂ ಕಂಡು ಅರಕಿಲ್ಲೆಯನ್ನು ಸೇರುವುದು ಕ್ರಮ. ಒಂದನೆಯ ಅಲಿ ಆದಿಲಶಹನು ತೊಡಗಿದ ಮಸೀದಿಯು ಕೊನೆಗೂ ಪೂರ್ತಿಯಾಗಲಿಲ್ಲ. ಅದರ ನೆಲದ ಮೇಲೆ 2250 ಜನರ ನಮಾಜಿಗೆ ತಕ್ಕ ಚೌಕಗಳನ್ನು ಬರೆಯಿಸಿದವನು ಊರನ್ನು ಗೆದ್ದ ಔರಂಗಜೇಬನೇ. ಗಗನ ಮಹಲಿನ ಎದುರು, ಬೆಳ್ಳಿಯ ಸಂಕೋಲೆ ತೊಟ್ಟ ಸಿಕಂದರನೆಂಬ ಎಳೆಯ ದೊರೆಯ ಕಥೆಯನ್ನು ದಾರಿ ತೋರುವವನು ಕಣ್ಣಿಗೆ ಕಟ್ಟುವಂತೆ ಹೇಳುವನು. ಅಲ್ಲಿಂದ ಬಹು ದೂರವಲ್ಲದ ಕರೀಮುದ್ದೀನನ ಮಸೀದಿಗೆ ಮಾತ್ರ ಅವನು ಹೆಚ್ಚು ಹೊತ್ತು ಕೊಡುವುದಿಲ್ಲ. 1320ರಷ್ಟು ಹಿಂದಿನ ಈ ಕಟ್ಟಡಕ್ಕೆ ಹಳೆಯ ದೇವಾಲಯಗಳ ಕಂಬಗಳನ್ನು ಬಳಸಿದ್ದಾರೆ. ಸಾಲೋಟಗಿಯ ರೇವಯ್ಯನೆಂಬ ಕುಶಲಕರ್ಮಿಯು ಇದನ್ನು ಕಟ್ಟಿದನೆಂದು ಅಲ್ಲಿಯ ನಾಗರೀ ಬರಹವು ತಿಳಿಸುವುದು. ಆದಿಲಶಾಹಿ ಹುಟ್ಟುವುದಕ್ಕೆ ನೂರೆಪ್ಪತ್ತು ವರ್ಷ ಮೊದಲೇ ಈ ನಾಡಿನ ಕೆಲಸಗಾರನೊಬ್ಬನ ಹೆಸರು ಕಲ್ಲಿನಲ್ಲಿ ನಿಂತಿತು! ಹತ್ತು ಹೆಜ್ಜೆ ಹೆಚ್ಚು ನಡೆದಾದರೂ ನೋಡತಕ್ಕ ಸ್ಥಳವಿದು.

ಬಾರಾ ಕಮಾನು, ಉಪ್ಪಲಿ ಬುರುಜು, ಇವುಗಳನ್ನು ದಾಟಿದರೆ ಮಲಿಕ್-ಎ-ಮೈದಾನವೆಂಬ ತೋಪು. 1549ರಲ್ಲಿ ಅಹಮ್ಮದನಗರದಲ್ಲಿ ಎರಕ ಹೊಯ್ದು, 1632ರಲ್ಲಿ ಇಲ್ಲಿಗೆ ತಂದ, ಸುಮಾರು 55 ಟನ್ನು ತೂಕದ ಈ ಕಂಚಿನ ತೋಪಿನ ಬಾಯಿಯು ಆನೆಯನ್ನು ನುಂಗುವ ಸಿಂಹದ ಮುಖದಂತಿದೆ. ಮಕ್ಕಳಿಗೆ ಇದಕ್ಕಿಂತ ಮಿಗಿಲಾದ ನೋಟವಿಲ್ಲ. ಆದರೆ ಅದು ನಗರವನ್ನು ಉಳಿಸಲಿಲ್ಲ. 1686ರಲ್ಲಿ ಗೆದ್ದವನು ತನ್ನ ಜಯದ ಬರಹವನ್ನು ಅದರ ಮೈಮೇಲೆಯೇ ಕೊರೆಯಿಸಿದನು.

ನಗರವನ್ನು ಉಳಿಸಿದ್ದು ಬೇರೊಂದು. ಒಂದನೆಯ ಅಲಿಯು 1565ರ ಸುಮಾರಿಗೆ ಆರು ಮೈಲಿಗೂ ಮಿಕ್ಕ ಸುತ್ತಿನ ಕೋಟೆಯನ್ನು ಪೂರೈಸಿದಾಗ, ಒಳಗಿನ ಜನಕ್ಕೆ ಕರಿಗಲ್ಲನ್ನೊಡೆದು ತೆಗೆದ ಬಾವಿಗಳ ನೀರು ಸಾಲದಾಯಿತು. ಪಡುವಣಕ್ಕೆ ಮೂರು ಮೈಲಿಯ ಮೇಲಿರುವ ತೊರವಿಯ ನೀರನ್ನು ನೆಲದೊಳಗಿನ ಸುರಂಗದಿಂದ ಊರಿಗೆ ತಂದರು. ಗಾಳಿಯಾಡಲೆಂದೂ ಹೂಳನ್ನು ಎತ್ತಲೆಂದೂ ಸುರಂಗದ ಮೇಲೆ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟರು. ಮುಂದೆ 1651ರಲ್ಲಿ ಮಹಮ್ಮದ ಆದಿಲಶಹನು ತೆಂಕಣ ದಿಕ್ಕಿನಲ್ಲಿ ಬೇಗಂ ತಲಾಬನ್ನು ಕಟ್ಟಿಸಿ, ಗಾರೆಕಟ್ಟಿನೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಿಂದ ನೀರನ್ನು ಹರಿಸಿದನು. ದಾರಿಯುದ್ದಕ್ಕೂ ಗಂಜ್ ಎಂಬ ಚೌಕ ಗೋಪುರಗಳು. ಎತ್ತರದಿಂದ ಬರುವ ನೀರು ಗೋಪುರದಲ್ಲಿ ಏರಿ ತನ್ನ ರಭಸವನ್ನು ಕಳೆದುಕೊಂಡು, ಕೆಸರನ್ನು ತಳಕ್ಕೆ ಬಿಟ್ಟು, ಮತ್ತೆ ಕೊಳವೆಯನ್ನು ಸೇರುತ್ತಿದ್ದಿತು. ಇಲ್ಲದಿದ್ದರೆ ಮಣ್ಣಿನ ಕೊಳವೆಗಳು ಒತ್ತಡಕ್ಕೆ ಒಡೆದುಹೋಗುತ್ತಿದ್ದುವು. ಇಂದಿಗೂ ನಗರದಲ್ಲಿ ಇಂಥ ಗೋಪುರಗಳು ಉಳಿದಿವೆ. ಯಾತ್ರಿಕರು ಅವುಗಳ ಪಕ್ಕದಲ್ಲಿಯೇ ಹಾದುಹೋಗುವರು, ಪಾಳುಬಿದ್ದ ಕಾವಲುಗೋಪುರವೆಂದು ಬಗೆದು ತಲೆಯೆತ್ತಿಯೂ ನೋಡರು.

ನೀರಿನ ಮಹಿಮೆಯು ಯಾತ್ರಿಕರ ಕಣ್ಣಿಗೆ ಬೀಳುವುದು ತಾಜ ಬಾವಡಿಯಲ್ಲಿ. 1620ರಲ್ಲಿ ಇಬ್ರಾಹಿಮನ ರಾಣಿ ತಾಜ ಸುಲ್ತಾನಳ ಹೆಸರಿನಿಂದ ಮಲಿಕ್ ಸಂದಲನು ಕಟ್ಟಿಸಿದ ಬಾವಿಯಿದು. ಎರಡು ಎಂಟುಮೂಲೆಯ ಗೋಪುರಗಳ ನಡುವಿನ ಹೆಗ್ಗಮಾನನ್ನು ಹೊಕ್ಕು ಮೆಟ್ಟಲಿಳಿದರೆ ವಿಶಾಲವಾದ ಕೊಳ, ಸುತ್ತಲೂ ದಾರಿಹೋಕರು ತಂಗುತ್ತಿದ್ದ ಕೋಣೆಗಳು. ಬಹುಕಾಲ ಹೊಲಸು ತುಂಬಿ ನಾರುತ್ತಿದ್ದ ಇದರ ಹೂಳನ್ನು ಈಚಿನ ವರುಷಗಳಲ್ಲಿ ತೆಗೆಯಿಸಿದುದು ಒಳ್ಳೆಯ ಕಾರ್ಯ.

ಅದೇ ಮಲಿಕ್ ಸಂದಲನ ಕೈವಾಡವೇ ಇಬ್ರಾಹಿಂ ರೋಜಾ. ರಾಣಿಗೆಂದು ತೊಡಗಿದ ಸಮಾಧಿಯಲ್ಲಿ 1627ರಲ್ಲಿ ಅರಸನೇ ಮೊದಲು ಮಲಗಿದನು. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿರುವ ಬಗೆಯನ್ನು ಸಂಜೆಯ ಬೆಳಕಿನಲ್ಲಿ ನೋಡಿಯೇ ತಣಿಯಬೇಕು. 'ಕಿತಾಬ್-ಎ-ನೌರಸ'ವೆಂಬ ಹಾಡುಗಳ ಹೊತ್ತಗೆಯಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ ದೊರೆಯು ಇವನೇ.

ಸಾಮಾನ್ಯವಾಗಿ ದರ್ಶನವು ಇಲ್ಲಿಗೆ ಮುಗಿಯುವುದು. ರಾಜ್ಯವಳಿದ ಮೇಲೆ ಸುರಂಗಗಳ ಹೂಳೆತ್ತಿಸುವ ಧಣಿಗಳಿಲ್ಲದೆ ಹೋದರು. ಗೋಪುರಗಳು ಒಣಗಿದವು, ಕೇರಿಗಳು ಬಯಲಾದವು. 1885ರಲ್ಲಿ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದ ಬಳಿಕವೇ ಊರು ಮತ್ತೆ ತುಂಬತೊಡಗಿತು. ಇನ್ನೂ ಒಂದು ತಾಸು ಬಿಡುವಿರುವವರು ಟಾಂಗಾವನ್ನು ಹಿಂದಕ್ಕೆ ತಿರುಗಿಸದೆ ಪಡುವಣಕ್ಕೇ ಹೊಡೆಯಿಸಿದರೆ ತೊರವಿಯನ್ನು ಮುಟ್ಟುವರು. ಇಬ್ರಾಹಿಮನು 1599ರಲ್ಲಿ ಕಟ್ಟತೊಡಗಿ, 1624ರಲ್ಲಿ ಮಲಿಕ್ ಅಂಬರನ ದಂಡಿನಿಂದ ಹಾಳಾದ ನೌರಸಪುರದ ಅವಶೇಷಗಳು ಅಲ್ಲಿವೆ. ತೊರವೆಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಅದೇ. ಕುಮಾರವಾಲ್ಮೀಕಿಯ ಆರಾಧ್ಯದೈವವಾದ ನರಸಿಂಹನ ಗುಡಿಯೂ ಅಲ್ಲಿಯೇ. ರಾಜಧಾನಿಯ ಮನೆಮನೆಗೆ ಹರಿದ ನೀರು ಹೊರಟುದು ಆ ಊರಿನ ನೆಲದಿಂದಲೇ.