ಉಳಿಯ ಮೇಲಿನ ಅಕ್ಷರ

ಊರಿಂದ ತಂದ ಅಜ್ಜನ ಉಳಿ ನಿಮ್ಮ ಮನೇಲೂ ಇದ್ದರೆ, ಹೊಳಪು ಬರಲಿ ಅಂತ ಮರಳುಕಾಗದದಿಂದ ಉಜ್ಜಬೇಡಿ, ಗುರುತೇ ಅಳಿಸಿಹೋಗುತ್ತೆ. ಎಣ್ಣೆಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ‘ಶೆಫೀಲ್ಡ್’ ಅಂತಿದ್ದರೆ ಇಂಗ್ಲೆಂಡಿನದು. ‘ಕಾಸ್ಟ್ ಸ್ಟೀಲ್’ ಅಂದರೆ ಮೂಸೆಯಲ್ಲಿ ಕರಗಿಸಿದ ಉಕ್ಕು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅಲ್ಲಿ ಬಳಕೆಗೆ ತಂದ ವಿಧಾನ. ನಮ್ಮ ಡೀಮೆನ್ ಸುತ್ತಮುತ್ತ ರಾಜನ ದಿನದ ಬೀದಿಸಂತೆಯಲ್ಲಿ ಕೊಂಡ ಹತಾರದ ಮೇಲೆ ‘ನೋಯ್ಟ್‌ಗೆಡಾಖ್ಟ್’ ಅಂತಿದ್ದರೆ, ಅದು ಫ್ರೀಸ್‌ಲ್ಯಾಂಡಿನ ಐಲ್ಸ್ಟ್ ಊರಲ್ಲಿ 1865ರಲ್ಲಿ ಶುರುವಾದ ಕಾರ್ಖಾನೆಯದು.

ಮುದ್ರೆಯೇ ಇಲ್ಲವಾ? ಊರ ಕಮ್ಮಾರರು ಬಡಿದದ್ದಿರಬಹುದು. ಅದೇನು ಕಡಿಮೆಯದಲ್ಲ. ಹಂಟ್ಸ್‌ಮನ್‌ಗಿಂತ ಎಷ್ಟೋ ಶತಮಾನ ಮೊದಲೇ ದಕ್ಷಿಣ ಭಾರತದಲ್ಲಿ ಮೂಸೆ ಉಕ್ಕು ತಯಾರಾಗ್ತಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದರು. ಯುರೋಪಿನವರು ಅದಕ್ಕೆ ಕರೆದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದು ಅನ್ನೋದು ಅನೇಕ ವಿದ್ವಾಂಸರ ಅಭಿಪ್ರಾಯ.

ಆದರೆ ಆ ಉಳಿ ಹಿಡಿದವರು ಯಾರು, ಯಾವ ಮನೆಯ ಬಾಗಿಲು ಕೆತ್ತಿದರು ಅನ್ನೋದನ್ನ ಯಾವ ಮುದ್ರೆಯೂ ಹೇಳೋದಿಲ್ಲ. ಊರಲ್ಲಿ ಹಿರಿಯರು ಇರುವಾಗಲೇ ಫೋನ್ ಮಾಡಿ ಕೇಳಿ, ಬರೆದಿಡಿ.