ಕಾರೂರ: ಗಾಜಿನ ಸೀಸೆಯಲ್ಲಿದ್ದ ಅಮಾನತ್

ರೋಗಿಯ ರಕ್ತವೋ ಮೂತ್ರವೋ ಪರೀಕ್ಷೆಗೆಂದು ಹೊರಟಾಗ ಅದನ್ನು ಯಾವ ಪಾತ್ರೆಯಲ್ಲಿ ತುಂಬಬೇಕು, ಎಷ್ಟು ಹೊತ್ತು ಇಡಬಹುದು, ಅದು ಯಾರದ್ದೆಂದು ಹೇಗೆ ಗುರುತಿಸಬೇಕು ಎಂಬುದು ಇಂದಿನ ಪ್ರಯೋಗಾಲಯಗಳ ಮೊದಲ ಹೊಣೆ. ಈ ಹೊಣೆಯ ಇತಿಹಾಸವನ್ನು ಅರಸುತ್ತಾ ಹೋದರೆ ನಾವು ಇಸ್ಲಾಮೀ ನಾಗರಿಕತೆಯ ವೈದ್ಯರನ್ನು ಕಾಣುತ್ತೇವೆ.

ಅರಬಿಯಲ್ಲಿ ಗಾಜಿನ ಸೀಸೆಗೆ ಕಾರೂರ ಎನ್ನುತ್ತಾರೆ. ಅದರ ಬಹುವಚನವಾದ ಕವಾರೀರ್ ಎಂಬ ಪದವು ಪವಿತ್ರ ಕುರ್‌ಆನಿನ ಅನ್ನಮ್ಲ್ ಮತ್ತು ಅಲ್ ಇನ್ಸಾನ್ ಅಧ್ಯಾಯಗಳಲ್ಲಿ ಬಂದಿದೆ. ವೈದ್ಯರು ಮೂತ್ರವನ್ನು ಸಂಗ್ರಹಿಸಿ ನೋಡುತ್ತಿದ್ದ ಸೀಸೆಗೂ ಇದೇ ಹೆಸರು. ಉರ್ದು ಭಾಷೆಯಲ್ಲಿ ಪರೀಕ್ಷೆಗೆ ಕೊಡುವ ಮೂತ್ರವನ್ನೇ ಕಾರೂರ ಎನ್ನುವ ರೂಢಿ ಬೆಳೆಯಿತು. ಮೂತ್ರವನ್ನು ನೋಡಿ ರೋಗ ತಿಳಿಯುವ ಕ್ರಮ ಗ್ರೀಕರಲ್ಲಿಯೂ ಇತ್ತು. ಮುಸ್ಲಿಮ್ ಜಗತ್ತಿನ ವೈದ್ಯರು ಅದನ್ನು ಸ್ವೀಕರಿಸಿ, ವಿಸ್ತರಿಸಿ, ನಿಯಮಗಳಿಗೆ ಒಳಪಡಿಸಿದರು.

ಇಬ್ನು ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಈ ನಿಯಮಗಳನ್ನು ವಿವರವಾಗಿ ಹೇಳಿದ್ದಾರೆ. ಮೂತ್ರವು ಬೆಳಗಿನ ಮೊದಲನೆಯದಾಗಿರಬೇಕು; ರೋಗಿಯು ಅದಕ್ಕೆ ಮುಂಚೆ ಏನನ್ನೂ ತಿಂದಿರಬಾರದು, ಕುಡಿದಿರಬಾರದು. ಕೇಸರಿಯಂತಹ ಬಣ್ಣ ಬಿಡುವ ಪದಾರ್ಥಗಳನ್ನು ಸೇವಿಸಿರಬಾರದು. ಸೀಸೆಯು ವಿಶಾಲವಾಗಿಯೂ ಸ್ಫಟಿಕದಂತೆ ಪಾರದರ್ಶಕವಾಗಿಯೂ ಇರಬೇಕು. ಸ್ವಲ್ಪವನ್ನೂ ಚೆಲ್ಲದೆ ಪೂರ್ತಿಯಾಗಿ ಹಿಡಿಯಬೇಕು. ಬಿಸಿಲು, ಗಾಳಿ ತಾಗದಂತೆ ಕಾಪಾಡಬೇಕು. ಹೊತ್ತು ಕಳೆದಂತೆ ಬಣ್ಣ ಬದಲಾಗುವುದರಿಂದ ಹೆಚ್ಚು ತಡಮಾಡಬಾರದು. ಆ ಕಾಲದವರು ಬಣ್ಣವನ್ನು ನೋಡಿ ಮಾಡಿದ ಎಲ್ಲ ತೀರ್ಮಾನಗಳನ್ನು ಇಂದಿನ ವಿಜ್ಞಾನವು ಒಪ್ಪುವುದಿಲ್ಲ. ಆದರೆ ಮಾದರಿಯೇ ಕೆಟ್ಟರೆ ತೀರ್ಪೂ ಕೆಡುತ್ತದೆಂಬ ಅವರ ತಿಳಿವು ಇಂದಿಗೂ ನಿಂತಿದೆ. ಶೀತಲೀಕರಿಸದ ಮೂತ್ರವನ್ನು 2 ಗಂಟೆಗಳೊಳಗೆ ಪರೀಕ್ಷಿಸಬೇಕೆಂಬ ಈಗಿನ ನಿಯಮವು ಅದೇ ಎಚ್ಚರದ ಮುಂದುವರಿಕೆ.

ಹೊಣೆಯು ವೈದ್ಯನ ಮನಸ್ಸಾಕ್ಷಿಗಷ್ಟೇ ಬಿಟ್ಟದ್ದಾಗಿರಲಿಲ್ಲ. ಪೇಟೆಯನ್ನೂ ವೃತ್ತಿಗಳನ್ನೂ ನೋಡಿಕೊಳ್ಳುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿಗಾಗಿ ಈಜಿಪ್ಟಿನ ಇಬ್ನುಲ್ ಉಖುವ್ವಾ (ನಿಧನ 1329) ಬರೆದ ಕೈಪಿಡಿಯಲ್ಲಿ ವೈದ್ಯರಿಗೂ ನಿಯಮಗಳಿವೆ. ವೈದ್ಯನು ರೋಗಿಯನ್ನು ವಿಚಾರಿಸಿ, ನಾಡಿ ಮತ್ತು ಕಾರೂರವನ್ನು ನೋಡಿ, ಕಂಡದ್ದನ್ನೂ ಕೊಟ್ಟ ಔಷಧವನ್ನೂ ಬರೆದು ಅದರ ಪ್ರತಿಯನ್ನು ಮನೆಯವರಿಗೆ ಕೊಡಬೇಕು. ರೋಗಿ ಸತ್ತರೆ ಆ ಬರಹವು ಮುಖ್ಯ ವೈದ್ಯರ ಮುಂದೆ ಹೋಗುತ್ತಿತ್ತು. ತಪ್ಪು ಕಂಡುಬಂದರೆ ವೈದ್ಯನು ರಕ್ತಪರಿಹಾರ ತೆರಬೇಕಾಗಿತ್ತು.

ಇಂದು ಒಂದು ಸೀಸೆಯ ಜಾಗದಲ್ಲಿ ಹತ್ತಾರು ಬಣ್ಣದ ಮುಚ್ಚಳಗಳ ಕೊಳವೆಗಳಿವೆ. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಪೊಟಾಸಿಯಂ ಬೆರೆತ ಇ.ಡಿ.ಟಿ.ಎ. ಲವಣವಿರುತ್ತದೆ. ಆ ರಕ್ತವನ್ನು ಬೇರೊಂದು ಕೊಳವೆಗೆ ಸುರಿದರೆ ಪೊಟಾಸಿಯಂ ಸುಳ್ಳಾಗಿ ಏರಿ, ಕ್ಯಾಲ್ಸಿಯಂ ಸುಳ್ಳಾಗಿ ಇಳಿದು ಕಾಣುತ್ತದೆ. ಹೆಸರಿನ ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಿದರೆ, ಮುಚ್ಚಳ ಬದಲಾದಾಗ ರೋಗಿಯೇ ಬದಲಾಗುತ್ತಾನೆ. ಆದ್ದರಿಂದಲೇ ಚೀಟಿಯನ್ನು ಪಾತ್ರೆಯ ಮೈಗೆ, ರೋಗಿಯ ಎದುರಿನಲ್ಲೇ ಅಂಟಿಸಬೇಕು.

ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲಪಿಸಬೇಕೆಂದು ಅನ್ನಿಸಾ ಅಧ್ಯಾಯದ 58ನೆಯ ಸೂಕ್ತದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ನಾವು ಅಮಾನತ್ ಎಂದರೆ ಹಣ, ಒಡವೆ ಎಂದಷ್ಟೇ ಭಾವಿಸುತ್ತೇವೆ. ಒಬ್ಬನು ನಂಬಿ ಒಪ್ಪಿಸಿದ ರಕ್ತದ ಹನಿಯೂ ಅಮಾನತ್ತೇ. ಅದರ ಕುರಿತ ಸತ್ಯವು ಅವನಿಗೆ ಸಲ್ಲಬೇಕಾದ ಹಕ್ಕು. ರೋಗಿಗಳಾಗಿ ಹೋದಾಗ ನಾವೂ ತಿಂದದ್ದನ್ನು, ಸೇವಿಸಿದ ಔಷಧವನ್ನು ಮರೆಮಾಚದೆ ಹೇಳಬೇಕು. ಪಾತ್ರೆಗೆ ಹೆಸರು ಬರೆಯುವ ಕೈಯನ್ನು ರೋಗಿಯು ನೋಡದಿರಬಹುದು, ಅಲ್ಲಾಹನು ನೋಡುತ್ತಿರುತ್ತಾನೆ.