ಹೊಸ ಮೀನುತೊಟ್ಟಿಯೂ ನೈಟ್ರೈಟಿನ ವಿಷವೂ

ಹೊಸದಾಗಿ ಸಜ್ಜುಗೊಳಿಸಿದ ಗಾಜಿನ ತೊಟ್ಟಿಯಲ್ಲಿ ಮೀನು ಬಿಟ್ಟು ಎರಡು ಮೂರು ವಾರಗಳಾಗುವಷ್ಟರಲ್ಲಿ, ನೀರು ನಿರ್ಮಲವಾಗಿ ತೋರುತ್ತಿದ್ದರೂ, ಗಾಳಿಯ ಪಂಪು ಎಡೆಬಿಡದೆ ಗುಳ್ಳೆಗಳನ್ನೆಬ್ಬಿಸುತ್ತಿದ್ದರೂ, ಮೀನುಗಳು ಮೇಲಕ್ಕೆ ಬಂದು ಬಾಯ್ದೆರೆದು ಏದುಸಿರು ಬಿಡುವುದುಂಟು. ಅಂಥ ನೀರನ್ನು ಪರೀಕ್ಷಾನಳಿಕೆಗೆ ತೆಗೆದು ಪರೀಕ್ಷಾದ್ರವದ ಹನಿಗಳನ್ನು ಬಿಟ್ಟಾಗ ಅದು ನೇರಿಳೆಯ ಬಣ್ಣಕ್ಕೆ ತಿರುಗಿತೆಂದರೆ, ಕಣ್ಣಿಗೆ ಕಾಣದ ನೈಟ್ರೈಟ್ ಅಲ್ಲಿ ಸಂಚಯಗೊಂಡಿದೆಯೆಂದು ತಿಳಿಯತಕ್ಕದ್ದು. ಇದರ ಕಾರಣವನ್ನು ಅರಿಯಲು ವಿಜ್ಞಾನಕ್ಕೆ ಎರಡು ತಲೆಮಾರುಗಳೇ ಬೇಕಾದುವು. ಆಶ್ಚರ್ಯವೆಂದರೆ ಆ ತಲೆಮಾರುಗಳೆರಡೂ ಒಂದೇ ಮನೆಯವು.

1850ರಲ್ಲಿ ಲಂಡನ್ನಿನ ರಸಾಯನಜ್ಞನಾದ ರಾಬರ್ಟ್ ವಾರಿಂಗ್‌ಟನ್ನನು, ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯವೆಂಬ ಜಲಸಸ್ಯವನ್ನೂ, ಕೊಳೆತ ಎಲೆಗಳನ್ನು ತಿಂದು ತೆಗೆಯಲು ಬಸವನಹುಳುಗಳನ್ನೂ ಒಂದೆಡೆ ಇರಿಸಿ, ನೀರನ್ನು ಬದಲಿಸದೆಯೇ ಜೀವಸಮತೋಲವನ್ನು ಕಾಯಬಹುದೆಂದು ವಿವರಿಸಿದನು. ಸಸ್ಯವು ಆಮ್ಲಜನಕವನ್ನು ಕೊಡುವುದೆಂಬುದು ಅವನಿಗೆ ಗೊತ್ತಿತ್ತು. ಮೀನು ವಿಸರ್ಜಿಸುವ ಅಮೋನಿಯವನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳ ವಿಚಾರ ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬವರು, ಚರಂಡಿಯ ನೀರನ್ನು ಮರಳಿನ ಸ್ತರದ ಮೂಲಕ ಹಾಯಿಸಿ, ಕ್ಲೋರೊಫಾರಮ್ ಸೋಕಿದೊಡನೆ ನೈಟ್ರೇಟಿನ ಉತ್ಪತ್ತಿ ನಿಂತುಹೋಗುವುದನ್ನು ತೋರಿಸಿ, ಇದು ಜೀವಿಗಳ ಕಾರ್ಯವೆಂದು ಸ್ಥಾಪಿಸಿದರು. ಬಳಿಕ ಆ ವಾರಿಂಗ್‌ಟನ್ನನ ಮಗ, ತಂದೆಯ ಹೆಸರನ್ನೇ ಹೊತ್ತವನು, ರೋಥಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿ ಮಣ್ಣನ್ನು ಪರೀಕ್ಷಿಸುತ್ತ, ಅಮೋನಿಯ ಮೊದಲು ನೈಟ್ರೈಟಾಗಿ ಅನಂತರ ನೈಟ್ರೇಟಾಗುವುದೆಂದೂ, ಈ ಎರಡು ಹಂತಗಳನ್ನು ನಡೆಸುವ ಜೀವಿಗಳು ಬೇರೆ ಬೇರೆಯೆಂದೂ ಕಂಡುಕೊಂಡನು. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಅವುಗಳನ್ನು ಬೇರ್ಪಡಿಸಿ ಬೆಳೆಸಿದನು. ತಂದೆಯ ತೊಟ್ಟಿಯೊಳಗಿನ ರಹಸ್ಯವು ಮಗನ ಹೊಲದಲ್ಲಿ ಬಯಲಾದ ಈ ಪ್ರಸಂಗ ನನಗೆ ವಿಜ್ಞಾನಚರಿತ್ರೆಯ ಅತ್ಯಂತ ಹೃದ್ಯವಾದ ಅಧ್ಯಾಯಗಳಲ್ಲೊಂದಾಗಿ ಕಾಣುತ್ತದೆ.

ಹೊಸ ತೊಟ್ಟಿಯ ಸಂಕಟವೂ ಇದರಿಂದಲೇ ವಿಶದವಾಗುತ್ತದೆ. ಈ ಜೀವಿಗಳ ಎರಡನೆಯ ಗುಂಪಿಗೆ ಮೊದಲನೆಯದರ ಉತ್ಪನ್ನವಾದ ನೈಟ್ರೈಟೇ ಆಹಾರ. ಆ ಆಹಾರ ಸಿದ್ಧವಾದ ಮೇಲೆಯೇ, ಅದೂ ಬಹು ನಿಧಾನವಾಗಿ, ಈ ಗುಂಪು ವೃದ್ಧಿಹೊಂದುವುದರಿಂದ, ನಡುವಣ ಅವಧಿಯಲ್ಲಿ ನೈಟ್ರೈಟ್ ಏರುತ್ತಲೇ ಹೋಗುತ್ತದೆ. ಕಿವಿರುಗಳಲ್ಲಿ ಕ್ಲೋರೈಡ್ ಒಳಸೇರುವ ದಾರಿಯಿಂದಲೇ ನೈಟ್ರೈಟ್ ನುಗ್ಗಿ, ರಕ್ತದ ಹೀಮೊಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಮೆಟ್‌ಹೀಮೊಗ್ಲೋಬಿನ್ನಾಗಿಸುವುದರಿಂದ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಪ್ರಾಣವಾಯುವಿದ್ದೂ ಮೀನು ಉಸಿರುಗಟ್ಟುವುದು ಈ ಕಾರಣದಿಂದ. ಮೀನು ಸಾಕಣೆಯವರು ಉಪ್ಪನ್ನು ಔಷಧಿಯಾಗಿ ಬಳಸುವುದರ ಮರ್ಮವೂ ಇದೇ: ಲೀಟರಿಗೆ ಒಂದು ಗ್ರಾಮ್ ಉಪ್ಪಿನಲ್ಲಿರುವ ಸುಮಾರು 600 ಮಿಲಿಗ್ರಾಮ್ ಕ್ಲೋರೈಡ್ ಆ ದಾರಿಯನ್ನು ತಾನೇ ಆಕ್ರಮಿಸಿಕೊಳ್ಳುತ್ತದೆ. ಕೆಲವು ಜಲಸಸ್ಯಗಳಿಗೆ ಉಪ್ಪು ಒಗ್ಗದಿರುವುದರಿಂದ ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಹಾಕುವುದು ಲೇಸು. ಇದು ತಾತ್ಕಾಲಿಕ ರಕ್ಷಣೆ ಮಾತ್ರ. ಕ್ಲೋರಿನ್ ತೆಗೆದ ನೀರಿನಿಂದ ತೊಟ್ಟಿಯ ಅರ್ಧದಷ್ಟನ್ನು ಬದಲಿಸುವುದು, ಆಹಾರವನ್ನು ಮಿತಗೊಳಿಸುವುದು, ಹಳೆಯ ಆರೋಗ್ಯವಂತ ತೊಟ್ಟಿಯ ಫಿಲ್ಟರ್ ಸ್ಪಾಂಜನ್ನು ತಂದಿರಿಸುವುದು, ಇವೇ ಕೆಡುಕನ್ನು ನಿಜವಾಗಿ ಕಡಿಮೆಮಾಡುವ ಉಪಾಯಗಳು. ಆ ಸ್ಪಾಂಜನ್ನು ಕ್ಲೋರಿನ್ನಿರುವ ನಲ್ಲಿನೀರಿನಲ್ಲಿ ತೊಳೆದರೆ ಅದರಲ್ಲಿ ನೆಲಸಿದ ಜೀವಿಗಳೇ ನಾಶವಾದಾವು.

ದೀರ್ಘಕಾಲ ಪುಸ್ತಕಗಳು ನೈಟ್ರೈಟನ್ನು ನೈಟ್ರೇಟಾಗಿಸುವ ಎರಡನೆಯ ಹಂತದ ಕೀರ್ತಿಯನ್ನು ನೈಟ್ರೊಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಗೆ ಕೊಟ್ಟಿದ್ದುವು. 1998ರಲ್ಲಿ ಹೊವಾನೆಕ್ ಮತ್ತು ಸಂಗಡಿಗರು, ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರವೆಂದು ತೋರಿಸಿದರು. 2015ರಲ್ಲಿ ಮೀನುಸಾಕಣೆಯ ಶೋಧಕದಿಂದಲೂ, ಬೇರೊಂದು ಮೂಲದಿಂದಲೂ, ಅಮೋನಿಯವನ್ನು ತಾನೊಂದೇ ನೈಟ್ರೇಟಿನವರೆಗೆ ಒಯ್ಯಬಲ್ಲ ನೈಟ್ರೊಸ್ಪೈರಗಳು ದೊರೆತುವು. ಆದರೂ ಹೊಸ ತೊಟ್ಟಿಯಲ್ಲಿ ನೈಟ್ರೈಟಿನ ಏರಿಕೆ ಇಂದಿಗೂ ಕಾಣುತ್ತಲೇ ಇದೆ. ಆದುದರಿಂದ ಅಮೋನಿಯ, ನೈಟ್ರೈಟ್‌ಗಳೆರಡೂ ಶೂನ್ಯಕ್ಕಿಳಿಯುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ನೀರನ್ನು ಪರೀಕ್ಷಿಸುತ್ತಿರಬೇಕು, ಹೊಸ ಮೀನನ್ನು ಬಿಡಲಾಗದು.